ಸಾಂಕ್ರಾಮಿಕದ ದಿನಗಳಲ್ಲಿ ಲಕ್ವ ಹೊಡೆದರೆ: ಮಲೆನಾಡಿನ ಮನೆಯಿಂದ ಸಿ.ಟಿ. ಸ್ಕ್ಯಾನ್ ಕೋಣೆಯವರೆಗೆ

2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆ ಹಳ್ಳಿಹಳ್ಳಿಗೂ ಹಬ್ಬಿದ್ದಾಗ, ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಜ್ವರ ಬಂದು ವರದಿ ಪಾಸಿಟಿವ್ ಎಂದಾಯಿತು. ಉಸಿರಾಟಕ್ಕೆ ತೊಂದರೆ ಇರಲಿಲ್ಲವಾದ್ದರಿಂದ ಮನೆಯಲ್ಲೇ ಪ್ರತ್ಯೇಕವಾಗಿರಲು ಹೇಳಿದರು. ಅಡಕೆ ಮೂಟೆ ಇಡುತ್ತಿದ್ದ ಹೊರಕೋಣೆಯನ್ನು ತೆರವು ಮಾಡಿ ಮಂಚ ಹಾಕಿಕೊಟ್ಟೆವು. ಊಟ ತಿಂಡಿಯನ್ನು ಬಾಗಿಲ ಬಳಿಯ ಸ್ಟೂಲಿನ ಮೇಲಿಟ್ಟು ಕೂಗಿ ಬರುತ್ತಿದ್ದೆವು. ಐದನೆಯ ದಿನ ಬೆಳಿಗ್ಗೆ ಏಳೂವರೆಗೆ ಇಟ್ಟ ಕಾಫಿ ಲೋಟ ಎಂಟೂವರೆಯಾದರೂ ಇಟ್ಟಲ್ಲೇ ಇತ್ತು, ಮೇಲೆ ಕೆನೆ ಕಟ್ಟಿತ್ತು. ಒಳಗೆ ಹೋಗಿ ನೋಡಿದರೆ ಅವರ ಬಲಗೈ ಮಂಚದಿಂದ ಜೋತುಬಿದ್ದಿತ್ತು, ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಮಾತು ಹೊರಡುತ್ತಿರಲಿಲ್ಲ.

ಮೊದಲು ಹೋದ ಆಸ್ಪತ್ರೆಯಲ್ಲಿ ಕೋವಿಡ್ ವರದಿ ನೋಡಿದ ಕೂಡಲೇ ಒಳಗೆ ಬಿಟ್ಟುಕೊಳ್ಳದೆ ಬೇರೆಡೆಗೆ ಹೋಗಿ ಎಂದರು. ಅದನ್ನು ಹೇಳುವುದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ಆಸ್ಪತ್ರೆಯಲ್ಲಿ, ಕವಚದೊಳಗೆ ಕಣ್ಣು ಮಾತ್ರ ಕಾಣುತ್ತಿದ್ದ ವೈದ್ಯರೊಬ್ಬರು ಕೇಳಿದ ಮೊದಲ ಪ್ರಶ್ನೆ, "ಇವರು ಕೊನೆಯ ಸಲ ಸರಿಯಾಗಿದ್ದದ್ದನ್ನು ಯಾರು, ಎಷ್ಟು ಹೊತ್ತಿಗೆ ನೋಡಿದ್ದೀರಿ?" ಎಂಬುದಾಗಿತ್ತು. ನಮ್ಮ ಉತ್ತರ ಹಿಂದಿನ ರಾತ್ರಿ ಒಂಬತ್ತು ಗಂಟೆ. ಆಗ ಬೆಳಿಗ್ಗೆ ಹನ್ನೊಂದಾಗಿತ್ತು. ಪಾರ್ಶ್ವವಾಯು ಬಡಿದದ್ದು ಬಹುಶಃ ಮುಂಜಾನೆ ಇರಬಹುದು, ಕಾಫಿ ಇಡುವುದಕ್ಕೆ ಹತ್ತು ನಿಮಿಷ ಮೊದಲೂ ಇರಬಹುದು. ಆದರೆ ಸಾಕ್ಷಿಯಿಲ್ಲದ ಹೊತ್ತನ್ನು ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ಹೆಪ್ಪು ಕರಗಿಸುವ ಇಂಜೆಕ್ಷನ್ನಿನ ಅವಕಾಶ ಅಲ್ಲಿಗೆ ಮುಗಿಯಿತು. ಈ ಲೇಖನ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಮೊದಲಿಗೆ ಗಡಿಯಾರದ ಲೆಕ್ಕ

ಪಾರ್ಶ್ವವಾಯುವಿನಲ್ಲಿ ಎರಡು ಬಗೆ. ಹೆಚ್ಚಿನವರಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತ ನಿಲ್ಲುತ್ತದೆ. ಉಳಿದವರಲ್ಲಿ ನಾಳ ಒಡೆದು ಮಿದುಳಿನೊಳಗೆ ರಕ್ತ ಸೋರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಬಿದ್ದ ಕೈ, ಸೊಟ್ಟ ಬಾಯಿ. ಮೊದಲನೆಯದಕ್ಕೆ ಆಲ್ಟಿಪ್ಲೇಸ್ ಅಥವಾ ಟೆನೆಕ್ಟಿಪ್ಲೇಸ್ ಎಂಬ ಹೆಪ್ಪು ಕರಗಿಸುವ ಔಷಧ ಜೀವದಾನವಾದರೆ, ಎರಡನೆಯದಕ್ಕೆ ಅದೇ ಔಷಧ ಪ್ರಾಣಕ್ಕೆ ಎರವಾಗುತ್ತದೆ. ಯಾವುದೆಂದು ಬೇರ್ಪಡಿಸಲು ತಲೆಯ ಸಿ.ಟಿ. ಸ್ಕ್ಯಾನ್ ಆಗಲೇಬೇಕು. ನಾಡಿ ನೋಡಿ, ಬಿ.ಪಿ. ನೋಡಿ, ಅನುಭವದಿಂದ ಹೇಳುವ ಸಂಗತಿ ಇದಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಿಬಿಡುತ್ತೇನೆ. ಹೃದಯಾಘಾತಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಂಜೆಕ್ಷನ್ ಸಿಗುತ್ತದೆ, ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಅದು ಉಚಿತ ಎಂಬುದು ಈಗ ಬಹಳ ಜನರಿಗೆ ಗೊತ್ತಿದೆ. ಲಕ್ವಕ್ಕೂ ಅಲ್ಲೇ ಕೊಡಬಹುದಲ್ಲ ಎಂದು ಕೇಳುವವರಿದ್ದಾರೆ. ಔಷಧ ಒಂದೇ ಆದರೂ ಹೃದಯದ ವಿಷಯವನ್ನು ಇ.ಸಿ.ಜಿ. ಹೇಳುತ್ತದೆ, ಮಿದುಳಿನ ವಿಷಯವನ್ನು ಅದು ಹೇಳಲಾರದು; ಸಿ.ಟಿ. ಯಂತ್ರ ಇಲ್ಲದ ಕಡೆ ಈ ಇಂಜೆಕ್ಷನ್ ಕೊಡಲಾಗದು. ಆದ್ದರಿಂದ ಹತ್ತಿರದ ಆಸ್ಪತ್ರೆ ಎಂದರೆ ಈ ಕಾಯಿಲೆಯ ಮಟ್ಟಿಗೆ ಸಿ.ಟಿ. ಇರುವ ಹತ್ತಿರದ ಆಸ್ಪತ್ರೆ.

ಲಕ್ಷಣ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆಯೊಳಗೆ ಆ ಔಷಧ ರಕ್ತಕ್ಕೆ ಸೇರಬೇಕು. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಈ ಗಡುವನ್ನು ಮೂರು ಗಂಟೆಗೆ ನಿಲ್ಲಿಸಿತ್ತು. 2008ರ ಯುರೋಪಿನ ಅಧ್ಯಯನದ ಬಳಿಕ ಅದು ನಾಲ್ಕೂವರೆಗೆ ವಿಸ್ತರಿಸಿತು. ಗಡುವು ನಾಲ್ಕೂವರೆ ಗಂಟೆ ಎಂದ ಮಾತ್ರಕ್ಕೆ ನಾಲ್ಕನೆಯ ಗಂಟೆಯಲ್ಲಿ ಕೊಟ್ಟರೂ ಒಂದೇ, ಮೊದಲನೆಯ ಗಂಟೆಯಲ್ಲಿ ಕೊಟ್ಟರೂ ಒಂದೇ ಎಂದಲ್ಲ: ದೊಡ್ಡ ನಾಳ ಕಟ್ಟಿಕೊಂಡಾಗ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂಬುದು ತಜ್ಞರ ಅಂದಾಜು.

ಇದನ್ನು ನಮ್ಮ ರಸ್ತೆಗಳಿಗೆ ಇಳಿಸಿ ನೋಡೋಣ. ನಾಲ್ಕೂವರೆ ಗಂಟೆ ಎಂದರೆ 270 ನಿಮಿಷ. ಆಸ್ಪತ್ರೆಯ ಬಾಗಿಲಿನಿಂದ ಇಂಜೆಕ್ಷನ್ನಿನವರೆಗೆ 60 ನಿಮಿಷ ಮೀರಬಾರದು ಎಂಬ ಗುರಿಯಿದೆ, ಅಷ್ಟನ್ನು ಕಳೆಯಿರಿ, 210 ಉಳಿಯಿತು. ಆಂಬುಲೆನ್ಸ್ ಬರಲು 40 ನಿಮಿಷ ಎಂದುಕೊಂಡರೆ 170. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ.; ಒಂದೂವರೆ ಗಂಟೆ ಹಿಡಿದರೆ 80. ಮನೆ ಪೇಟೆಯಿಂದ ಒಳಗಿದ್ದು ಅಲ್ಲಿಂದ ತೀರ್ಥಹಳ್ಳಿಗೇ 45 ನಿಮಿಷವಾದರೆ ಕೈಯಲ್ಲಿ ಉಳಿಯುವುದು 35. ಸಾಂಕ್ರಾಮಿಕದ ಕಾಲದಲ್ಲಿ ಆಂಬುಲೆನ್ಸ್ ಸಿಬ್ಬಂದಿ ರಕ್ಷಾ ಕವಚ ತೊಡಬೇಕು, ವಾಹನ ಶುಚಿಗೊಳಿಸಿ ಹೊರಡಬೇಕು. ಅದಕ್ಕೆ 20 ನಿಮಿಷ ತೆಗೆದಿಟ್ಟರೆ ಮನೆಯವರು ಗಾಬರಿಪಡಲು, ಚರ್ಚಿಸಲು, ಬೆಂಗಳೂರಿನ ಮಗನಿಗೆ ಫೋನ್ ಮಾಡಿ ಕೇಳಲು ಒಟ್ಟಾಗಿ ಸಿಗುವುದು ಕಾಲು ಗಂಟೆ.

ಮೊದಲ ಹೆಜ್ಜೆ: ಗುರುತಿಸುವುದು

ನಗಲು ಹೇಳಿ, ಬಾಯಿ ಒಂದು ಪಕ್ಕಕ್ಕೆ ಎಳೆಯುತ್ತದೆಯೇ ನೋಡಿ. ಕಣ್ಣು ಮುಚ್ಚಿ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಹಿಡಿಯಲು ಹೇಳಿ, ಒಂದು ಕೈ ತಾನಾಗಿ ಕೆಳಗಿಳಿಯುತ್ತದೆಯೇ ನೋಡಿ. ಮನೆಯವರ ಹೆಸರುಗಳನ್ನು ಹೇಳಿಸಿ, ಮಾತು ತೊದಲುತ್ತದೆಯೇ, ಕೇಳಿದ್ದಕ್ಕೆ ಸಂಬಂಧವಿಲ್ಲದ್ದನ್ನು ಹೇಳುತ್ತಾರೆಯೇ ಗಮನಿಸಿ. ಮೂರರಲ್ಲಿ ಒಂದು ಹೊಸದಾಗಿ ಕಂಡರೂ ಸಾಕು, ಮುಂದಿನ ಹೆಜ್ಜೆಗೆ ಹೋಗಿ. ಇವುಗಳ ಜೊತೆಗೆ ಇದ್ದಕ್ಕಿದ್ದಂತೆ ನಡಿಗೆಯ ತೂಕ ತಪ್ಪುವುದು, ಕಣ್ಣು ಮಂಜಾಗುವುದು ಅಥವಾ ಒಂದು ಎರಡಾಗಿ ಕಾಣುವುದೂ ಸೇರುತ್ತದೆ. ನಮ್ಮ ಕಡೆ ತಪ್ಪುವುದು ಇಲ್ಲಿಯೇ. ತಲೆ ಸುತ್ತಿ ವಾಂತಿಯಾದರೆ "ಪಿತ್ತ ಏರಿದೆ" ಎಂದು ಪುನರ್ಪುಳಿ ಶರಬತ್ತು ಮಾಡಿಕೊಟ್ಟು ಮಲಗಿಸುವ ರೂಢಿ ಎಷ್ಟು ಮನೆಗಳಲ್ಲಿಲ್ಲ! ಪಿತ್ತದವರು ಗೋಡೆ ಹಿಡಿದಾದರೂ ಬಚ್ಚಲಿಗೆ ಹೋಗಿ ಬರುತ್ತಾರೆ. ಕುಳಿತಲ್ಲೇ ಒಂದು ಕಡೆಗೆ ವಾಲುವವರನ್ನು ಪಿತ್ತ ಎಂದು ಬಿಡಬೇಡಿ.

ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು ಎಂದು ಸುಮ್ಮನಾಗುವಂತೆಯೂ ಇಲ್ಲ. ಬಂದು ಹೋಗುವ ಇಂಥ ಸಣ್ಣ ಆಘಾತದ ಬೆನ್ನಿಗೆ ದೊಡ್ಡದು ಬರುವ ಅಪಾಯ ಮೊದಲ ಎರಡು ದಿನಗಳಲ್ಲಿ ಅತಿ ಹೆಚ್ಚು.

ಕೋವಿಡ್ ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಸ್ವಭಾವ ಹೆಚ್ಚುತ್ತದೆ ಎಂಬುದು 2020ರಲ್ಲೇ ತಿಳಿದುಬಂತು. ಐವತ್ತು ವರ್ಷದೊಳಗಿನವರಲ್ಲೂ ಮಿದುಳಿನ ದೊಡ್ಡ ನಾಳ ಕಟ್ಟಿದ ಪ್ರಕರಣಗಳನ್ನು ನ್ಯೂಯಾರ್ಕಿನ ವೈದ್ಯರು ಆ ವರ್ಷವೇ ವರದಿ ಮಾಡಿದರು. ಜ್ವರದವನಿಗೆ ಸುಸ್ತು ಸಹಜ ಎಂದುಕೊಳ್ಳುತ್ತೇವೆ. ಸುಸ್ತು ಎರಡೂ ಕೈಗಳಿಗೆ ಸಮನಾಗಿ ಬರುತ್ತದೆ, ಲಕ್ವ ಒಂದು ಪಕ್ಕಕ್ಕೆ ಬಡಿಯುತ್ತದೆ.

ಎರಡನೆಯ ಹೆಜ್ಜೆ: ಹೊತ್ತನ್ನು ಬರೆದಿಡುವುದು

ಗುರುತಿಸಿದ ಹೊತ್ತನ್ನಲ್ಲ, ಕೊನೆಯ ಸಲ ಸರಿಯಾಗಿದ್ದದ್ದನ್ನು ಕಣ್ಣಾರೆ ಕಂಡ ಅಥವಾ ಕಿವಿಯಾರೆ ಕೇಳಿದ ಹೊತ್ತನ್ನು ಬರೆಯಬೇಕು. "ಆರು ಗಂಟೆ ಹತ್ತು ನಿಮಿಷಕ್ಕೆ ಕೊಟ್ಟಿಗೆಯಿಂದ ಹಾಲು ತಂದುಕೊಟ್ಟರು, ಆರೂಮುಕ್ಕಾಲಿಗೆ ಬಚ್ಚಲೊಲೆಯ ಬಳಿ ಕುಸಿದಿದ್ದರು" ಎಂಬಂಥ ವಾಕ್ಯ ವೈದ್ಯರಿಗೆ ಹತ್ತು ಪರೀಕ್ಷೆಗಳಿಗಿಂತ ಹೆಚ್ಚಿನದು. ಮೊಬೈಲಿನ ಕರೆಗಳ ಪಟ್ಟಿಯೂ ಇಲ್ಲಿ ಸಾಕ್ಷಿ. ಅವರು ಯಾರೊಂದಿಗಾದರೂ ಎಷ್ಟು ಹೊತ್ತಿಗೆ ಮಾತಾಡಿದ್ದಾರೆ ಎಂದು ನೋಡಿ, ಆ ಇನ್ನೊಬ್ಬರಿಗೆ ಫೋನ್ ಮಾಡಿ ಮಾತು ಸ್ಪಷ್ಟವಾಗಿತ್ತೇ ಎಂದು ಕೇಳಿ.

ಮನೆಯೊಳಗೆ ಪ್ರತ್ಯೇಕವಾಗಿರುವ ರೋಗಿಯ ವಿಷಯದಲ್ಲಿ ಈ ಹೆಜ್ಜೆ ಲಕ್ವ ಹೊಡೆಯುವ ಮೊದಲೇ ಶುರುವಾಗಬೇಕು. ಬಾಗಿಲು ಮುಚ್ಚಿದ ಕೋಣೆ ಸೋಂಕನ್ನು ತಡೆಯುತ್ತದೆ, ಜೊತೆಗೆ ಸಾಕ್ಷಿಯನ್ನೂ ತಡೆಯುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ. ಎಚ್ಚರವಿರುವ ಹೊತ್ತಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಕಿಟಕಿಯಾಚೆ ನಿಂತು ಮಾತಾಡಿಸಿ, ಎರಡೂ ಕೈ ಎತ್ತಿಸಿ, ಪಲ್ಸ್ ಆಕ್ಸಿಮೀಟರಿನ ಅಂಕಿಯ ಪಕ್ಕದಲ್ಲೇ ಅದನ್ನೂ ಬರೆದಿಡಿ. ರಾತ್ರಿ ಮೂತ್ರಕ್ಕೆ ಎದ್ದಾಗ ಕೂಗಿ ಹೇಳಲಿ. ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿದ್ದರೆ ಸಂಬಂಧಿಕರನ್ನು ಒಳಗೆ ಬಿಡುವುದಿಲ್ಲ, ಸಿಬ್ಬಂದಿಗೆ ಒಬ್ಬೊಬ್ಬರ ಮುಖ ನೋಡಲು ಬಿಡುವಿರುವುದಿಲ್ಲ. ದಿನಕ್ಕೆರಡು ಬಾರಿಯಾದರೂ ವಿಡಿಯೋ ಕರೆ ಮಾಡಿ, ಮಾತಾಡಿಸಿ, ನಗಿಸಿ. ನೀವು ಕಂಡ ವ್ಯತ್ಯಾಸವನ್ನು ಕೂಡಲೇ ವಾರ್ಡಿನ ನರ್ಸ್‌ಗೆ ತಿಳಿಸಿ.

ನಿದ್ದೆಯಲ್ಲೇ ಲಕ್ವ ಹೊಡೆದು ಹೊತ್ತು ಗೊತ್ತೇ ಆಗದಿದ್ದರೂ ಕೈಚೆಲ್ಲಬೇಡಿ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಎಂ.ಆರ್.ಐ. ನೋಡಿ ಇಂಜೆಕ್ಷನ್ ಕೊಡಬಹುದೇ ಎಂದು ತೀರ್ಮಾನಿಸುತ್ತಾರೆ. ದೊಡ್ಡ ನಾಳದ ಹೆಪ್ಪನ್ನು ತೊಡೆಯ ನಾಳದ ಮೂಲಕ ತಂತಿ ಹಾಕಿ ಹೊರತೆಗೆಯುವ ಚಿಕಿತ್ಸೆಯನ್ನು, ಆಯ್ದ ರೋಗಿಗಳಲ್ಲಿ, 24 ಗಂಟೆಯವರೆಗೂ ಮಾಡಬಹುದೆಂದು 2018ರಲ್ಲಿ ಬಂದ ಎರಡು ಅಧ್ಯಯನಗಳು ತೋರಿಸಿವೆ.

ಮೂರನೆಯ ಹೆಜ್ಜೆ: 108ಕ್ಕೆ ಕರೆ, ಮತ್ತು ಹೇಳಬೇಕಾದ ಮಾತು

ಕರೆ ಮಾಡಿದಾಗ ಮೊದಲು "ಲಕ್ವ ಹೊಡೆದಿದೆ, ಇಷ್ಟು ಹೊತ್ತಿಗೆ ಸರಿಯಾಗಿದ್ದರು" ಎನ್ನಿ. ಆಮೇಲೆ ಜ್ವರ, ಕೆಮ್ಮು ಅಥವಾ ಪಾಸಿಟಿವ್ ವರದಿ ಇದ್ದರೆ ಅದನ್ನು ಮುಚ್ಚಿಡದೆ ಹೇಳಿ. ಈ ಕ್ರಮಕ್ಕೆ ಅರ್ಥವಿದೆ. ಕೋವಿಡ್ ಎಂಬ ಮಾತು ಮೊದಲು ಕಿವಿಗೆ ಬಿದ್ದರೆ ಇಡೀ ವ್ಯವಸ್ಥೆ ಉಸಿರಾಟದ ರೋಗಿಯ ದಾರಿಗೆ ತಿರುಗಿಕೊಳ್ಳುತ್ತದೆ. ಜ್ವರವನ್ನು ಮುಚ್ಚಿಟ್ಟರೆ ಇನ್ನೂ ಕೆಟ್ಟದ್ದು: ಸಿ.ಟಿ. ಕೋಣೆಯ ಬಾಗಿಲಲ್ಲಿ ಅದು ತಿಳಿದಾಗ ಎಲ್ಲರೂ ಕವಚ ತೊಡಲು ಹಿಂದಿರುಗುತ್ತಾರೆ, ಅಲ್ಲಿಯವರೆಗೆ ರೋಗಿ ಸ್ಟ್ರೆಚರಿನ ಮೇಲೆ ಕಾಯುತ್ತಾನೆ. ಕೋವಿಡ್ ವಾರ್ಡಿಗೆ ಹಾಕಿಬಿಡುತ್ತಾರೆಂಬ ಭಯಕ್ಕೋ, ಊರಿನವರು ಮನೆಗೆ ಬರುವುದನ್ನು ಬಿಡುತ್ತಾರೆಂಬ ಸಂಕೋಚಕ್ಕೋ ಆಗ ಬಹಳ ಜನ ಜ್ವರ ಮುಚ್ಚಿಟ್ಟರು.

ಸಿಗ್ನಲ್ ಸಿಗದ ಮನೆಗಳಲ್ಲಿ ಯಾರು ಗುಡ್ಡದ ಮೇಲಿನ ಆ ಒಂದು ಜಾಗಕ್ಕೆ ಓಡಬೇಕು, ಯಾರ ಜೀಪು ಕರೆಯಬೇಕು ಎಂಬುದು ಮೊದಲೇ ತೀರ್ಮಾನವಾಗಿರಲಿ. ಆಂಬುಲೆನ್ಸ್ ಬರಲು ಒಂದು ಗಂಟೆಯಾಗುತ್ತದೆಂದರೆ ಬಾಡಿಗೆ ಜೀಪಿನಲ್ಲೇ ಹೊರಟು, ಎದುರಿನಿಂದ ಬರುವ ಆಂಬುಲೆನ್ಸಿಗೆ ದಾರಿಯಲ್ಲಿ ಹಸ್ತಾಂತರಿಸುವುದು ನನ್ನ ಮಟ್ಟಿಗೆ ಹೆಚ್ಚು ವಿವೇಕದ ದಾರಿ. ಲಾಕ್‌ಡೌನ್ ಇದ್ದಾಗಲೂ ತುರ್ತು ಚಿಕಿತ್ಸೆಯ ಪ್ರಯಾಣಕ್ಕೆ ತಡೆ ಇರಲಿಲ್ಲ. ಪಾಸ್ ಮಾಡಿಸಿಕೊಂಡು ಬರುತ್ತೇವೆಂದು ಕಾಯುವ ಅಗತ್ಯವಿರಲಿಲ್ಲ.

ನಾಲ್ಕನೆಯ ಹೆಜ್ಜೆ: ಕಾಯುವಾಗ ಮಾಡುವುದು, ಮಾಡದಿರುವುದು

ಬಾಯಿಗೆ ಏನನ್ನೂ ಹಾಕಬೇಡಿ. ನೀರು, ಕಾಫಿ, ಗಂಜಿ, ಕಷಾಯ, ಮಾತ್ರೆ ಯಾವುದೂ ಬೇಡ. ನುಂಗುವ ಸ್ನಾಯು ಸೋತಿದ್ದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ, ಸಾಂಕ್ರಾಮಿಕದ ಕಾಲದಲ್ಲಿ ಆ ನ್ಯುಮೋನಿಯಾ ಯಾವುದರದ್ದೆಂದು ಹೇಳುವುದೂ ಕಷ್ಟ. ಆಸ್ಪಿರಿನ್ ಕೊಡಬೇಡಿ, ಸೋರಿಕೆಯ ಬಗೆಯಾಗಿದ್ದರೆ ಅದು ಕೆಡುಕು. ಬಿ.ಪಿ. ಇನ್ನೂರು ದಾಟಿದೆ ಎಂದು ಮಾತ್ರೆ ಪುಡಿ ಮಾಡಿ ನಾಲಗೆಯ ಕೆಳಗಿಡಬೇಡಿ. ಆ ಹೊತ್ತಿನಲ್ಲಿ ಏರಿದ ಒತ್ತಡ ಕಟ್ಟಿದ ನಾಳದಾಚೆಗೆ ಒಂದಿಷ್ಟು ರಕ್ತ ತಳ್ಳುತ್ತಿರಬಹುದು, ಅದನ್ನು ಎಷ್ಟು, ಯಾವಾಗ ಇಳಿಸಬೇಕೆಂಬುದನ್ನು ವೈದ್ಯರು ಸಿ.ಟಿ. ನೋಡಿ ನಿರ್ಧರಿಸುತ್ತಾರೆ. ಪಾರಿವಾಳದ ರಕ್ತ ಹಚ್ಚುವುದು, ಬೆರಳ ತುದಿಗೆ ಸೂಜಿ ಚುಚ್ಚುವುದು, ಎಣ್ಣೆ ಕಾಯಿಸಿ ತಿಕ್ಕುವುದು ಇವೆಲ್ಲ ಬರೇ ಹೊತ್ತು ತಿನ್ನುವ ಕೆಲಸಗಳು.

ಮಾಡಬೇಕಾದದ್ದು ಕಡಿಮೆ. ಮಗ್ಗುಲಿಗೆ ಮಲಗಿಸಿ, ಜೊಲ್ಲು ವಾಂತಿ ಹೊರಗೆ ಹರಿಯುವಂತೆ ಬಾಯಿ ಕೆಳಮುಖವಾಗಿರಲಿ. ಕಟ್ಟುಹಲ್ಲು ಇದ್ದರೆ ತೆಗೆಯಿರಿ. ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿದ್ದರೆ ನೋಡಿ ಅಂಕಿ ಬರೆದುಕೊಳ್ಳಿ, ಏಕೆಂದರೆ ರಕ್ತದ ಸಕ್ಕರೆ ತೀರಾ ಇಳಿದಾಗಲೂ ಥೇಟ್ ಲಕ್ವದಂತೆಯೇ ಕಾಣುತ್ತದೆ. 70ಕ್ಕಿಂತ ಕಡಿಮೆಯಿದ್ದರೆ ಆಂಬುಲೆನ್ಸಿನವರಿಗೆ ಮೊದಲು ಅದನ್ನೇ ಹೇಳಿ. ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ ಅದನ್ನೂ ಹೇಳಿ. ಉಸಿರಾಟ ಸರಾಗವಾಗಿದ್ದು ವಾಂತಿ ಇಲ್ಲದಿದ್ದರೆ ರೋಗಿಗೆ ಮಾಸ್ಕ್ ಹಾಕಿ, ವಾಂತಿ ಇದ್ದರೆ ಹಾಕಬೇಡಿ. ಎತ್ತುವವರೆಲ್ಲ ತಪ್ಪದೆ ಮಾಸ್ಕ್ ಧರಿಸಲಿ. ರಸ್ತೆಗೆ ಹೋಗಲು ಕಾಲುಸಂಕ ದಾಟಬೇಕಾದ ಮನೆಯವರು ರೋಗಿಯನ್ನು ಹೆಗಲ ಮೇಲೆ ಕೈಹಾಕಿಸಿ ನಡೆಸದಿರಲಿ. ಕೈಯಿರುವ ಗಟ್ಟಿ ಕುರ್ಚಿಗೆ ಪಂಚೆಯಿಂದ ಎದೆ, ಸೊಂಟ ಕಟ್ಟಿ, ಮುಂದೊಬ್ಬರು ಹಿಂದೊಬ್ಬರು ಹಿಡಿದು, ಕುತ್ತಿಗೆಗೆ ಮಡಿಸಿದ ಕಂಬಳಿ ಕೊಟ್ಟು ದಾಟಿಸಬಹುದು.

ಐದನೆಯ ಹೆಜ್ಜೆ: ಎಲ್ಲಿಗೆ

ಇದನ್ನು ಕಾಯಿಲೆ ಬಂದ ದಿನ ಯೋಚಿಸಲಾಗದು. ಶಿವಮೊಗ್ಗ ಜಿಲ್ಲೆಯ ಹೆಚ್ಚಿನವರಿಗೆ ದಾರಿ ಶಿವಮೊಗ್ಗ ಪೇಟೆಗೇ ಹೋಗುತ್ತದೆ. ಆದರೆ ಕೋವಿಡ್ ಕಾಲದಲ್ಲಿ ಜಿಲ್ಲೆಯ ದೊಡ್ಡಾಸ್ಪತ್ರೆಯಾದ ಮೆಗ್ಗಾನ್ ಕೋವಿಡ್ ಚಿಕಿತ್ಸೆಯ ಕೇಂದ್ರವಾಗಿತ್ತು ಎಂಬುದನ್ನು ನೆನಪಿಡಬೇಕು. ಮತ್ತೆ ಅಂಥ ಕಾಲ ಬಂದರೆ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಸಿ.ಟಿ. ನಡೆಯುತ್ತದೆ, ಹೆಪ್ಪು ಕರಗಿಸುವ ಇಂಜೆಕ್ಷನ್ ದಾಸ್ತಾನಿದೆ, ಪಾಸಿಟಿವ್ ರೋಗಿಗೆ ಯಾವ ಬಾಗಿಲು ಎಂಬ ಮೂರು ಪ್ರಶ್ನೆಗಳನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೋ ಆಶಾ ಕಾರ್ಯಕರ್ತೆಯನ್ನೋ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಹೊರಟ ಮೇಲೆ ಆಸ್ಪತ್ರೆಗೆ ಫೋನ್ ಮಾಡಿ ಬರುತ್ತಿರುವುದನ್ನು ತಿಳಿಸಿದರೆ ಸಿ.ಟಿ. ಮೇಜು ಖಾಲಿ ಮಾಡಿಟ್ಟಿರುತ್ತಾರೆ.

ಆಗುಂಬೆಯ ಸುತ್ತಲಿನವರಿಗೆ ಶಿವಮೊಗ್ಗ 90 ಕಿ.ಮೀ. ಆಸುಪಾಸು, ಮಣಿಪಾಲ ಸುಮಾರು 55. ಘಾಟಿಯ ಹದಿನಾಲ್ಕು ತಿರುವುಗಳನ್ನು ಇಳಿಯಬೇಕು, ಮಳೆಗಾಲದಲ್ಲಿ ಗುಡ್ಡ ಜರಿದು ದಾರಿ ಮುಚ್ಚಿರಬಹುದು. ದಾರಿ ತೆರೆದಿದೆಯೇ ಎಂದು ಕೇಳಿಕೊಂಡು ಇಳಿಯುವುದೇ ಸರಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ರಾತ್ರಿಯ ಲೆಕ್ಕವೇ ಬದಲಾಗಿದೆ; ಅಲ್ಲಿಯವರೆಗೆ ಸಂಜೆಯ ಲಾಂಚ್ ತಪ್ಪಿದರೆ ದೂರದ ಸುತ್ತು ಬಳಸದೆ ಬೇರೆ ಗತಿಯಿರಲಿಲ್ಲ. ತಂತಿಯಿಂದ ಹೆಪ್ಪು ತೆಗೆಯುವ ಚಿಕಿತ್ಸೆ ಬೇಕಾದರೆ ಮಣಿಪಾಲ, ಮಂಗಳೂರು, ಬೆಂಗಳೂರಿನಂಥ ಕಡೆಗಳ ದೊಡ್ಡ ಆಸ್ಪತ್ರೆಗಳೇ ಆಗಬೇಕಾಗಬಹುದು. ಹಾಗೆ ಕಳುಹಿಸುವಾಗಲೂ, ಕೊಡಬಹುದಾದ ಇಂಜೆಕ್ಷನ್ನನ್ನು ಇಲ್ಲೇ ಕೊಟ್ಟು ಕಳುಹಿಸುವುದು ಕ್ರಮ. ಆಗುತ್ತದೆಯೇ ಎಂದು ಕೇಳಲು ಸಂಕೋಚ ಬೇಡ.

ಆರನೆಯ ಹೆಜ್ಜೆ: ಆಸ್ಪತ್ರೆಯ ಬಾಗಿಲಲ್ಲಿ

ಒಬ್ಬರೇ ಜೊತೆಗಿರಿ, ಆ ಒಬ್ಬರು ಹೊತ್ತು ಗೊತ್ತಿರುವವರಾಗಿರಲಿ. ಕೈಯಲ್ಲಿ ಗುರುತಿನ ಚೀಟಿ, ಪಡಿತರ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಗಳಿರುವ ಚೀಲ. ರಕ್ತ ತೆಳುವಾಗಿಸುವ ಔಷಧದ ವಿಷಯ ವಿಶೇಷವಾಗಿ ಮುಖ್ಯ: ಕೋವಿಡ್‌ಗೆಂದು ಹೊಟ್ಟೆಯ ಚರ್ಮಕ್ಕೆ ಹೆಪಾರಿನ್ ಬಗೆಯ ಇಂಜೆಕ್ಷನ್ ಕೊಟ್ಟಿದ್ದರೆ, ಮನೆಗೆ ಕಳುಹಿಸುವಾಗ ಅಂಥ ಮಾತ್ರೆ ಬರೆದುಕೊಟ್ಟಿದ್ದರೆ, ಕೊನೆಯ ಡೋಸು ಯಾವಾಗ ಎಂದು ಹೇಳಲೇಬೇಕು. ಮೂರು ತಿಂಗಳೊಳಗೆ ತಲೆಗೆ ಪೆಟ್ಟು ಬಿದ್ದಿದ್ದರೆ, ಹಿಂದೊಮ್ಮೆ ಮಿದುಳಿನಲ್ಲಿ ರಕ್ತ ಸೋರಿದ್ದರೆ, ಇತ್ತೀಚೆಗೆ ದೊಡ್ಡ ಶಸ್ತ್ರಚಿಕಿತ್ಸೆ ಆಗಿದ್ದರೆ ಅದನ್ನೂ ಹೇಳಿ.

ಮಲೆನಾಡಿನವರು ಇನ್ನೊಂದು ಮಾತು ಸೇರಿಸಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಬೇಸಿಗೆಯಲ್ಲಿ ನಮ್ಮಲ್ಲಿ ಇದ್ದೇ ಇರುತ್ತದೆ, ಮಳೆ ಬಿದ್ದರೆ ಡೆಂಗಿ. ಎರಡರಲ್ಲೂ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳ ಎಣಿಕೆ ಇಳಿಯುತ್ತದೆ. ಒಂದು ಲಕ್ಷಕ್ಕಿಂತ ಕಡಿಮೆಯಿದ್ದರೆ ಹೆಪ್ಪು ಕರಗಿಸುವ ಔಷಧ ಕೊಡುವಂತಿಲ್ಲ. ಸಾಂಕ್ರಾಮಿಕದ ಗದ್ದಲದಲ್ಲಿ ಜ್ವರ ಎಂದರೆ ಕೋವಿಡ್ ಎಂದೇ ಎಲ್ಲರ ಮನಸ್ಸು ಓಡುತ್ತದೆ. ದರಕು (ಒಣಗಿದ ಎಲೆ) ತರಲು ಕಾಡಿಗೆ ಹೋಗಿದ್ದರು, ಉಣುಗು ಕಚ್ಚಿತ್ತು, ಹತ್ತಿರದಲ್ಲಿ ಮಂಗ ಸತ್ತಿತ್ತು ಎಂಬುದನ್ನು ನೀವು ಹೇಳದೆ ಪೇಟೆಯ ವೈದ್ಯರಿಗೆ ಹೊಳೆಯಲಿಕ್ಕಿಲ್ಲ.

ಆರ್.ಟಿ.-ಪಿ.ಸಿ.ಆರ್. ವರದಿ ಬರುವವರೆಗೆ ಸಿ.ಟಿ. ಮಾಡುವುದಿಲ್ಲ ಎಂದರೆ ವಿನಯದಿಂದಲೇ, ಆದರೆ ಬಿಡದೆ ಕೇಳಿ. 2020ರಲ್ಲೇ ಹಲವು ದೇಶಗಳ ತಜ್ಞರು ರೂಪಿಸಿದ ಕ್ರಮದ ತಿರುಳು ಇಷ್ಟೆ: ಬಂದ ಪ್ರತಿ ರೋಗಿಗೂ ಸೋಂಕಿದೆ ಎಂದೇ ಭಾವಿಸಿ ಕವಚ ತೊಟ್ಟು, ಕಡಿಮೆ ಸಿಬ್ಬಂದಿಯೊಂದಿಗೆ ನೇರವಾಗಿ ಸಿ.ಟಿ.ಗೆ ಒಯ್ಯುವುದು, ಗಂಟಲ ದ್ರವ ತೆಗೆಯುವ ಕೆಲಸ ಅದರ ಪಕ್ಕದಲ್ಲಿ ನಡೆಯಬೇಕು, ಅದಕ್ಕಾಗಿ ಚಿಕಿತ್ಸೆ ನಿಲ್ಲಬಾರದು. ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ಇಂಜೆಕ್ಷನ್ ನಿರಾಕರಿಸುವಂತಿಲ್ಲ. ಇಂಜೆಕ್ಷನ್ನಿಗೆ ಮೊದಲು ಬಿ.ಪಿ. 185/110ರ ಒಳಗೆ ಬರಬೇಕು, ಸಕ್ಕರೆ ನೋಡಿರಬೇಕು. ಆಲ್ಟಿಪ್ಲೇಸ್ ಆದರೆ ಒಂದು ಗಂಟೆ ಹನಿಯುತ್ತದೆ, ಟೆನೆಕ್ಟಿಪ್ಲೇಸ್ ಆದರೆ ಒಂದೇ ಸಲಕ್ಕೆ ಮುಗಿಯುತ್ತದೆ. ರಕ್ತಸ್ರಾವದ ಅಪಾಯ ವಿವರಿಸಿ ಸಹಿ ಕೇಳುತ್ತಾರೆ. ಸಹಿ ಹಾಕುವ ಮೊದಲು ಊರಿಗೆಲ್ಲ ಫೋನ್ ಮಾಡಲು ಹೊರಟರೆ ಮನೆಯಲ್ಲಿ ಉಳಿಸಿದ ಕಾಲು ಗಂಟೆ ಇಲ್ಲಿ ಹೋಗುತ್ತದೆ. ಯಾರು ತೀರ್ಮಾನಿಸಬೇಕೆಂದು ದಾರಿಯಲ್ಲೇ ಮಾತಾಡಿಕೊಳ್ಳಿ.

ಮೊದಲ ರಾತ್ರಿ

ಇಂಜೆಕ್ಷನ್ ಆದ ಬಳಿಕ 24 ಗಂಟೆ ನಿಕಟ ನಿಗಾ ಇರುತ್ತದೆ, ಆಮೇಲೆ ಮತ್ತೊಮ್ಮೆ ಸಿ.ಟಿ. ಸೋಂಕಿನ ವಾರ್ಡಾದರೆ ನಿಮ್ಮನ್ನು ಹೊರಗೆ ಕಳುಹಿಸುತ್ತಾರೆ. ಹೋಗುವ ಮುನ್ನ ರೋಗಿಯ ಕನ್ನಡಕ, ಶ್ರವಣಯಂತ್ರ, ಚಾರ್ಜರ್ ಸಹಿತ ಫೋನ್ ಕೊಟ್ಟು, ಅವರು ಕೆಲಸಕ್ಕೆ ಹೆಚ್ಚಾಗಿ ಯಾವ ಕೈ ಬಳಸುತ್ತಾರೆ, ಮನೆಯಲ್ಲಿ ಯಾವ ಭಾಷೆ ಆಡುತ್ತಾರೆ ಎಂಬುದನ್ನು ನರ್ಸ್‌ಗೆ ಹೇಳಿ ಬನ್ನಿ. ತೀವ್ರ ತಲೆನೋವು, ಹೊಸ ವಾಂತಿ, ಮಂಪರು ಕಂಡರೆ ಕೂಡಲೇ ತಿಳಿಸುವಂತೆ ಪಕ್ಕದ ಹಾಸಿಗೆಯವರಿಗೂ ಹೇಳಿಡಬಹುದು. ಎರಡನೆಯ ದಿನ ದೊಡ್ಡಪ್ಪನಿಗೆಂದು ನಮ್ಮ ಮನೆಯಿಂದ ಫ್ಲಾಸ್ಕಿನಲ್ಲಿ ಗಂಜಿ, ಮಾವಿನ ಮಿಡಿಯ ರಸ ಹೋಯಿತು, ವಾರ್ಡಿನವರು ಅದನ್ನು ಬಾಗಿಲಲ್ಲೇ ತಡೆದರು, ಆಗ ಬೇಸರವಾಗಿತ್ತು. ಅವರು ಮಾಡಿದ್ದೇ ಸರಿ. ಚಮಚದಲ್ಲಿ ನೀರು ಕೊಟ್ಟು, ಕೆಮ್ಮು ಬರುತ್ತದೆಯೇ, ದನಿ ನೀರು ತುಂಬಿದಂತೆ ಗೊರಗೊರ ಎನ್ನುತ್ತದೆಯೇ ಎಂದು ಸಿಬ್ಬಂದಿ ನುಂಗುವ ಪರೀಕ್ಷೆ ಮಾಡಿ ಒಪ್ಪುವವರೆಗೆ ಗಂಜಿಯ ಫ್ಲಾಸ್ಕಿನ ಮುಚ್ಚಳ ತೆಗೆಯಬೇಡಿ.